ಹೃದಯ ಬಲಕ್ಕಿದ್ದರೆ ಕಂಪ್ಯೂಟರ್ ಏನು ಮಾಡಬೇಕು?

ಕೇಳುಗರಿಗೆ ನಮಸ್ಕಾರ.

ಹೊಟ್ಟೆಯ ಕೆಳಭಾಗದಲ್ಲಿ, ಬಲಗಡೆ ಜೋರು ನೋವು ಅಂದರೆ ಡಾಕ್ಟರಿಗೆ ಮೊದಲು ಅನುಮಾನ ಬರುವುದು ಅಪೆಂಡಿಕ್ಸ್ ಮೇಲೆ. ಎಡಗಡೆ ನೋವಾದರೆ ಬೇರೆ ಕಾರಣ ಹುಡುಕುತ್ತಾರೆ. ಆದರೆ ಸುಮಾರು 10,000 ಜನರಲ್ಲಿ ಒಬ್ಬರಿಗೆ ಒಳಗಿನ ಅಂಗಗಳೆಲ್ಲ ಎಡಬಲ ಅದಲುಬದಲಾಗಿರುತ್ತವೆ. ಹೃದಯ ಬಲಕ್ಕೆ, ಲಿವರ್ ಎಡಕ್ಕೆ, ಅಪೆಂಡಿಕ್ಸೂ ಎಡಕ್ಕೆ. ವೈದ್ಯರು ಇದನ್ನು ಸೈಟಸ್ ಇನ್ವರ್ಸಸ್ ಅನ್ನುತ್ತಾರೆ. ಎಕ್ಸ್‌ರೇಯಲ್ಲಿ ಇದು ಕಂಡ ಕೂಡಲೇ ಡಾಕ್ಟರು ತಮ್ಮ ಊಹೆ ಬದಲಾಯಿಸಿಕೊಳ್ಳುತ್ತಾರೆ. ಅದರಿಂದ ಅವರು ಕಲಿತ ವಿದ್ಯೆ ತಲೆಕೆಳಗಾಗುವುದಿಲ್ಲ.

ಕಂಪ್ಯೂಟರಿಗೆ ಮಾತ್ರ ಇಷ್ಟನ್ನು ಕಲಿಸುವುದು ತುಂಬಾ ಕಷ್ಟವಾಗಿದೆ.

ಮನುಷ್ಯರ ತಿಳುವಳಿಕೆಯನ್ನು ಯಂತ್ರಕ್ಕೆ ಬರೆದುಕೊಡುವ ಒಂದು ಪದ್ಧತಿಗೆ ಡಿಸ್ಕ್ರಿಪ್ಷನ್ ಲಾಜಿಕ್ ಎಂದು ಹೆಸರು. ಆಸ್ಪತ್ರೆಗಳು ಬಳಸುವ ಸ್ನೋಮೆಡ್ ಸಿಟಿ ಎಂಬ ದೊಡ್ಡ ವೈದ್ಯಕೀಯ ಪದಕೋಶ ನಿಂತಿರುವುದು ಇದರ ಮೇಲೆ. ಅದರಲ್ಲಿ ಮೂರೂವರೆ ಲಕ್ಷಕ್ಕೂ ಜಾಸ್ತಿ ಪರಿಕಲ್ಪನೆಗಳಿವೆ. ಭಾರತವೂ 2014ರಲ್ಲಿ ಅದನ್ನು ನಡೆಸುವ ಸಂಸ್ಥೆಯ ಸದಸ್ಯ ದೇಶವಾಯಿತು. ವೆಬ್‌ಗಾಗಿ 2004ರಲ್ಲಿ ಬಂದ ಔಲ್ ಎಂಬ ಭಾಷೆಯ ಬುನಾದಿಯೂ ಇದೇ.

ಈ ಲಾಜಿಕ್‌ನಲ್ಲಿ ಒಂದು ಕಟ್ಟುನಿಟ್ಟು ಇದೆ. ಒಮ್ಮೆ ಬಂದ ತೀರ್ಮಾನ ಬಂದದ್ದೇ. ಆಮೇಲೆ ಎಷ್ಟೇ ಹೊಸ ವಿಷಯ ಸೇರಿಸಿದರೂ ಹಳೆಯ ತೀರ್ಮಾನ ಹಿಂದಕ್ಕೆ ಹೋಗುವುದಿಲ್ಲ. ಈಗ ಮೂರು ಮಾತು ಬರೆಯೋಣ. ಮನುಷ್ಯರಿಗೆಲ್ಲ ಹೃದಯ ಎಡಕ್ಕಿರುತ್ತದೆ. ಸೈಟಸ್ ಇನ್ವರ್ಸಸ್ ಇರುವವರೂ ಮನುಷ್ಯರೇ. ಅವರ ಹೃದಯ ಬಲಕ್ಕಿರುತ್ತದೆ, ಎಡಕ್ಕಲ್ಲ. ಯಂತ್ರದ ಉತ್ತರ ಏನು ಗೊತ್ತೇ? ‘ಅಂಥ ಮನುಷ್ಯರು ಇರಲು ಸಾಧ್ಯವೇ ಇಲ್ಲ.’ ಅಂಥ ಒಬ್ಬ ರೋಗಿಯ ಹೆಸರು ಸೇರಿಸಿದರಂತೂ ಹೀಗೆ ಬರೆದಿಟ್ಟ ತಿಳುವಳಿಕೆಯ ಇಡೀ ಭಂಡಾರವೇ ವಿರೋಧಾಭಾಸದಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ಅದು ಏನನ್ನು ಕೇಳಿದರೂ ಹೌದು ಅನ್ನುತ್ತದೆ.

‘ಸೈಟಸ್ ಇನ್ವರ್ಸಸ್ ಇಲ್ಲದವರಿಗೆ ಹೃದಯ ಎಡಕ್ಕೆ’ ಎಂದು ತಿದ್ದಿ ಬರೆದರೆ ಆಗದೇ ಅಂತ ನಿಮಗೆ ಅನ್ನಿಸಬಹುದು. ಹೊಸ ರೋಗಿಯೊಬ್ಬರು ಬಂದರು ಅಂದುಕೊಳ್ಳಿ. ಇನ್ನೂ ಎಕ್ಸ್‌ರೇ ಆಗಿಲ್ಲ. ಆ ಸ್ಥಿತಿ ಇದೆಯೋ ಇಲ್ಲವೋ ಯಾರಿಗೂ ತಿಳಿಯದು. ಈ ಲಾಜಿಕ್ ತನಗೆ ಗೊತ್ತಿಲ್ಲದ್ದನ್ನು ‘ಇಲ್ಲ’ ಎಂದು ಎಣಿಸುವುದಿಲ್ಲ. ಹಾಗಾಗಿ ಹೃದಯ ಎಡಕ್ಕಿದೆ ಎಂದು ಹೇಳಲಾರದೆ ಸುಮ್ನೆ ಕೂರುತ್ತದೆ. 10,000 ಜನರಲ್ಲಿ ಒಬ್ಬರಿಗಾಗಿ ಉಳಿದ 9,999 ಜನರ ಬಗ್ಗೆಯೂ ಬಾಯಿ ಕಟ್ಟಿಕೊಂಡ ಹಾಗಾಯಿತು, ಅಲ್ವಾ?

ಈ ಬಿಗಿ ಬೇಕಂತಲೇ ತಂದದ್ದು. 1970ರ ದಶಕದಲ್ಲಿ ಮಾರ್ವಿನ್ ಮಿನ್ಸ್ಕಿ ಮುಂದಿಟ್ಟ, ಒಂದೊಂದು ವಸ್ತುವಿನ ಗುಣಗಳನ್ನು ಒಂದು ಚೌಕಟ್ಟಿನಲ್ಲಿ ಬರೆದಿಡುವ ಫ್ರೇಮ್ ಪದ್ಧತಿಯಲ್ಲಿ ‘ಸಾಮಾನ್ಯವಾಗಿ ಹೀಗೆ’ ಎಂಬುದಕ್ಕೆ ಜಾಗ ಇತ್ತು. ಆದರೆ ಯಾವ ಗುಣವನ್ನು ಬೇಕಾದರೂ ರದ್ದು ಮಾಡಬಹುದಾದರೆ ಯಾವುದಕ್ಕೂ ಗಟ್ಟಿ ಅರ್ಥ ಉಳಿಯುವುದಿಲ್ಲ ಎಂದು ರೊನಾಲ್ಡ್ ಬ್ರ್ಯಾಕ್‌ಮನ್ 1985ರಲ್ಲಿ ವಾದಿಸಿದರು. ಅವರ ಮಾತಿನಲ್ಲಿ ಹುರುಳಿದೆ. ಗಟ್ಟಿ ಅರ್ಥ ಸಿಕ್ಕಿತು, ‘ಸಾಮಾನ್ಯವಾಗಿ’ ಎಂಬುದು ಕೈತಪ್ಪಿತು.

ಅತ್ತ ತರ್ಕದ ಕಡೆಯವರು 1980ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಪುಟದಲ್ಲಿ ಮೂರು ದಾರಿ ತೋರಿಸಿದ್ದರು. ರೇಮಂಡ್ ರೈಟರ್, ಜಾನ್ ಮೆಕಾರ್ಥಿ, ಮತ್ತೆ ಮೆಕ್‌ಡರ್ಮಟ್–ಡಾಯ್ಲ್ ಜೋಡಿ. ಹೊಸ ಸಂಗತಿ ತಿಳಿದರೆ ಹಳೆಯ ತೀರ್ಮಾನ ಬಿಡಬಲ್ಲ ಈ ತರ್ಕಕ್ಕೆ ನಾನ್‌ಮೊನೊಟಾನಿಕ್ ಎಂದು ಹೆಸರಾಯಿತು. ಇದನ್ನು ಡಿಸ್ಕ್ರಿಪ್ಷನ್ ಲಾಜಿಕ್‌ಗೆ ಜೋಡಿಸಲು ಹೋದಾಗ ಪೆಟ್ಟು ಬಿತ್ತು. ‘ವಿರುದ್ಧವಾದದ್ದು ತಿಳಿಯದಿದ್ದರೆ ಹೀಗೆಂದೇ ಊಹಿಸು’ ಎನ್ನುವ ರೈಟರ್ ಅವರ ನಿಯಮಗಳನ್ನು ಯಾವ ಕಟ್ಟುಪಾಡೂ ಇಲ್ಲದೆ ಸೇರಿಸಿದರೆ, ಎಲ್ಲ ಪ್ರಶ್ನೆಗೂ ಖಂಡಿತ ಉತ್ತರ ಕೊಡಬಲ್ಲ ಪ್ರೋಗ್ರಾಮ್ ಬರೆಯಲು ಸಾಧ್ಯವೇ ಇಲ್ಲ ಎಂದು 1995ರಲ್ಲಿ ಫ್ರಾಂಜ್ ಬಾಡರ್ ಮತ್ತು ಬರ್ನ್‌ಹಾರ್ಡ್ ಹೊಲುಂಡರ್ ತೋರಿಸಿದರು. ಅವರು ಕೊಟ್ಟ ಪರಿಹಾರ: ಭಂಡಾರದಲ್ಲಿ ಹೆಸರಿರುವವರಿಗೆ ಮಾತ್ರ ಆ ನಿಯಮ ಹಚ್ಚಿ. ಅಂದರೆ ರೋಗಿಗೆ ಹಚ್ಚಬಹುದು. ಹೆಸರು ಬರೆಯದ ಅವರ ತಾಯಿಗೆ ಹಚ್ಚುವಂತಿಲ್ಲ.

ನನಗೆ ಹೆಚ್ಚು ಮೆಚ್ಚುಗೆಯಾದ ದಾರಿ ಡೇನಿಯಲ್ ಲೆಹ್‌ಮನ್ ಮತ್ತು ಮೆನಾಕೆಮ್ ಮಾಗಿಡೋರ್ 1992ರಲ್ಲಿ ರೂಪಿಸಿದ ರ‍್ಯಾಷನಲ್ ಕ್ಲೋಷರ್. 2010ರಲ್ಲಿ ಜೊವಾನಿ ಕಸೀನಿ ಮತ್ತು ಉಂಬರ್ಟೊ ಸ್ಟ್ರಾಚಿಯಾ ಅದನ್ನು ಡಿಸ್ಕ್ರಿಪ್ಷನ್ ಲಾಜಿಕ್‌ಗೆ ತಂದರು. ಇದರಲ್ಲಿ ‘ಸಾಮಾನ್ಯವಾಗಿ’ ಎಂದು ಬರೆದ ನಿಯಮಗಳನ್ನು ಯಂತ್ರವೇ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುತ್ತದೆ. ಎಲ್ಲ ಮನುಷ್ಯರ ಮಾತು ಕೆಳಗೆ, ಸೈಟಸ್ ಇನ್ವರ್ಸಸ್ ಮಾತು ಮೇಲೆ. ರೋಗಿಯ ಬಗ್ಗೆ ಕೇಳಿದಾಗ ಎಲ್ಲವನ್ನೂ ಒಟ್ಟಿಗೆ ಹಚ್ಚಿ ನೋಡುತ್ತದೆ. ತಾಳೆಯಾಗದಿದ್ದರೆ ಕೆಳಗಿನ ಮೆಟ್ಟಿಲು ಬಿಟ್ಟು ಮತ್ತೆ ನೋಡುತ್ತದೆ. ಪ್ರತಿ ಸಲದ ಪರೀಕ್ಷೆಗೂ ಹಳೆಯ ಸಾಫ್ಟ್‌ವೇರೇ ಸಾಕು. ಎಕ್ಸ್‌ರೇ ಆಗದವರಿಗೆ ಹೃದಯ ಎಡಕ್ಕೆ ಎಂಬ ಊಹೆ, ಆದವರಿಗೆ ಅವರ ನಿಜ ಸ್ಥಿತಿ. ಸಾಮಾನ್ಯ ಸೂತ್ರಕ್ಕಿಂತ ವಿಶೇಷ ಸೂತ್ರಕ್ಕೆ ಬಲ ಜಾಸ್ತಿ ಎಂಬ ಈ ನಡೆ ನಮ್ಮಲ್ಲಿ ಪಾಣಿನಿಯ ವ್ಯಾಕರಣ ಓದಿದವರಿಗೆ ಚೆನ್ನಾಗಿ ಗೊತ್ತು. ಅಲ್ಲಿ ಅದಕ್ಕೆ ಉತ್ಸರ್ಗ, ಅಪವಾದ ಎನ್ನುತ್ತಾರೆ.

ಇದರಲ್ಲೂ ಒಂದು ಕೊರತೆ ಇದೆ. ಕೆಲವರಿಗೆ ಹೃದಯ ಮಾತ್ರ ಬಲಕ್ಕಿರುತ್ತದೆ, ಲಿವರ್ ತನ್ನ ಮಾಮೂಲಿ ಜಾಗದಲ್ಲೇ ಇರುತ್ತದೆ. ಅಂಥವರ ಬಗ್ಗೆ ಕೇಳಿದರೆ ಯಂತ್ರ ಕೆಳಗಿನ ಮೆಟ್ಟಿಲನ್ನು ಇಡಿಯಾಗಿ ಕೈಬಿಡುತ್ತದೆ. ಹೃದಯದ ನಿಯಮದ ಜೊತೆ, ಅದೇ ಮೆಟ್ಟಿಲಿನಲ್ಲಿದ್ದ ‘ಸಾಮಾನ್ಯವಾಗಿ ಲಿವರ್ ಬಲಕ್ಕೆ’ ಎಂಬ ನಿಯಮವೂ ಹೋಯಿತು. ತಕರಾರು ಇದ್ದದ್ದು ಹೃದಯದ್ದು, ಮರೆತದ್ದು ಲಿವರನ್ನೂ! ತಕರಾರಿರುವ ನಿಯಮವನ್ನಷ್ಟೇ ಬದಿಗಿಟ್ಟು ಉಳಿದವನ್ನು ಕಾಪಾಡುವ ಪದ್ಧತಿಯನ್ನು ಪಿಯೆರೊ ಬೊನಾಟ್ಟಿ ಮತ್ತು ಸಂಗಡಿಗರು 2015ರಲ್ಲಿ ಕೊಟ್ಟರು. ವೈದ್ಯಕೀಯ ಭಂಡಾರಕ್ಕೆ ಬೇಕಾದದ್ದು ಇಂಥದ್ದೇ ಎಂದು ನನ್ನ ನಂಬಿಕೆ. ಆದರೆ 2009ರಲ್ಲಿ ಬಂದ ಔಲ್‌ನ ಎರಡನೇ ಆವೃತ್ತಿಯಲ್ಲೂ ‘ಸಾಮಾನ್ಯವಾಗಿ’ ಎಂದು ಬರೆಯಲು ಜಾಗ ಇಲ್ಲ. ಅದನ್ನು ಬರೆಯುವ ಬಗೆ ಎಲ್ಲರೂ ಒಪ್ಪಿದ ಮಾನಕಕ್ಕೆ ಸೇರಬೇಕಾಗಿದೆ. ಮುಂದಿನ ಕೆಲಸ ಅಲ್ಲಿದೆ.

ನಮಸ್ಕಾರ.