ದಪ್ಪ ಅಕ್ಷರದ ಬಣ್ಣದ ವೇಷ

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ಮಾತಾಡುವುದಕ್ಕೆ ಒಂದು ಅನುಕೂಲ ಇದೆ. ಯಕ್ಷಗಾನದಲ್ಲಿ ರಾಕ್ಷಸರ ಬಣ್ಣದ ವೇಷ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಚಂಡೆ, ಆರ್ಭಟ, ಮಕ್ಕಳು ಅಮ್ಮನ ಸೆರಗಿನ ಹಿಂದೆ. ದಪ್ಪ ಬೊಡೋನಿ ಅನ್ನುವ ಇಂಗ್ಲಿಷ್ ಅಕ್ಷರದ ಫಾಂಟ್ ಅಂಥದ್ದೇ. ನಿಂತ ಗೆರೆ ಹಲಸಿನ ದಿಮ್ಮಿ, ಅಡ್ಡಗೆರೆ ಕಾಗದದಷ್ಟು ತೆಳುವಾದ ಸಿಹಿತಿಂಡಿ ತೊಡದೇವಿನ ಅಂಚು.

ಇಟಲಿಯ ಪಾರ್ಮಾದಲ್ಲಿ ಜಾಂಬತ್ತಿಸ್ತಾ ಬೊಡೋನಿ, ಪ್ಯಾರಿಸ್ಸಿನಲ್ಲಿ ದಿದೋ ಮನೆತನದವರು, 18ನೇ ಶತಮಾನದ ಕೊನೆಗೆ ಈ ದಪ್ಪ-ಸಣ್ಣದ ಆಟವನ್ನು ತುದಿ ಮುಟ್ಟಿಸಿದರು. ಕಾಗದ ನುಣುಪಾಗಿತ್ತು, ಹಾಗಾಗಿ ಕೂದಲೆಳೆಯ ಗೆರೆಯೂ ಅಚ್ಚಿನಲ್ಲಿ ಉಳಿಯಿತು. ಆಮೇಲೆ ಲಂಡನ್ನಿನವರು ಲಾಟರಿ ಜಾಹೀರಾತಿಗೆ ಅಂತ ಅದನ್ನೇ ಇನ್ನೂ ಊದಿಸಿದರು. ಹುಟ್ಟಿದ್ದೇ ಕೂಗುವುದಕ್ಕೆ, ಅಲ್ವಾ?

ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ನಮ್ಮ ಮನೆಯ ಜೇನುತುಪ್ಪದ ಬಾಟಲಿಗೆ ಲೇಬಲ್ ಮಾಡಿದೆ. ಇಂಗ್ಲಿಷಿನಲ್ಲಿ 'ಹನಿ' ಅಂತ ಈ ಫಾಂಟಿನಲ್ಲೇ, ಸಣ್ಣ ಅಳತೆಯಲ್ಲಿ. ಕಂಪ್ಯೂಟರಿನಲ್ಲಿ ರಾಜಠೀವಿ! ಒರಟು ಕಾಗದದ ಮೇಲೆ ಬಂದಾಗ ಸಣ್ಣ ಗೆರೆಗಳೆಲ್ಲ ಮಾಯ. ಎಚ್ ಎರಡು ಕಂಬ ಆಯಿತು. ಓ ಎರಡು ಬ್ರಾಕೆಟ್. ಎನ್‌ನ ಕಂಬಗಳೇ ಸಣ್ಣವು, ಹಾಗಾಗಿ ಓರೆ ಗೆರೆ ಒಂದೇ ಉಳಿಯಿತು. ಇ ಇನ್ನೊಂದು ಕಂಬ. ವೈ ಬಾಗಿದ ಕೋಲು. ನಮ್ಮ ಅತ್ತೆ ಕನ್ನಡಕ ಏರಿಸಿ ನೋಡಿ, "ಸೌದೆ ವ್ಯಾಪಾರ ಯಾವಾಗ ಶುರು ಮಾಡಿದೆ?" ಅಂದರು. ಐನೂರು ಲೇಬಲ್, ಸ್ವಾಮಿ. ಪ್ರೆಸ್ಸಿನವರದ್ದು ತಪ್ಪಿಲ್ಲ, ಅವರು ಮೊದಲೇ ಬೇಡ ಅಂದಿದ್ದರು.

ಬೊಡೋನಿ ಕಾಲದಲ್ಲಿ ಒಂದೊಂದು ಅಳತೆಗೂ ಬೇರೆ ಬೇರೆ ಅಚ್ಚು ಕೊರೆಯುತ್ತಿದ್ದರು. ನಾವು ಒಂದೇ ಚಿತ್ರವನ್ನು ಸುಮ್ನೆ ಹಿಗ್ಗಿಸುತ್ತೇವೆ, ಕುಗ್ಗಿಸುತ್ತೇವೆ. ಜಾತ್ರೆಯ ಪೋಸ್ಟರಿನ ತಲೆಬರಹಕ್ಕೆ, ಮೂರು ನಾಲ್ಕು ಪದಕ್ಕೆ, ಈ ಫಾಂಟ್ ಧಾರಾಳವಾಗಿ ಹಾಕಿ. ಕೆಳಗಿನ ವಿವರಕ್ಕೆ ಬೇಡ. ರಾತ್ರಿಯಿಡೀ ಬಣ್ಣದ ವೇಷವೇ ಕುಣಿದರೆ ಪ್ರಸಂಗ ಮುಂದೆ ಹೋಗುವುದು ಹೇಗೆ?

ಕನ್ನಡಕ್ಕೆ ಇದೇ ಚಾಳಿ ತರುವವರಿಗೆ ಒಂದು ಮಾತು. ನಮ್ಮಲ್ಲಿ ಸಣ್ಣ ಗೆರೆ ಬರೀ ಅಲಂಕಾರ ಅಂದುಕೊಳ್ಳಬೇಡಿ. ಧ ಅಕ್ಷರದ ಹೊಟ್ಟೆಯ ಕೆಳಗಿನ ಚಿಕ್ಕ ಗೆರೆಯನ್ನು ಕೂದಲೆಳೆ ಮಾಡಿ ಬ್ಯಾನರ್ ಹಾಕಿಸಿ ನೋಡೋಣ. 'ಧನಸಹಾಯ' ರಸ್ತೆಯ ಆ ಬದಿಯಿಂದ 'ದನಸಹಾಯ' ಆಗುತ್ತದೆ. ಜನ ಹಗ್ಗ ಹಿಡಿದುಕೊಂಡೇ ಬರುತ್ತಾರೆ! ಪ ಮತ್ತು ಷ ಕಥೆಯೂ ಅಷ್ಟೇ. ದಪ್ಪ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಅರ್ಥ ಹೊತ್ತ ಗೆರೆಗೆ ಅನ್ನ ಹಾಕಿ.

ಮೊಬೈಲ್ ಪರದೆ, ಕಪ್ಪಿನ ಮೇಲೆ ಬಿಳಿ ಅಕ್ಷರ, ಎರಡು ಫಾಂಟ್ ಜೋಡಿಸುವುದು, ಇದೆಲ್ಲ ಹೇಳಬೇಕು ಅಂತಿತ್ತು. ಅಧ್ಯಕ್ಷರು ಎರಡನೇ ಚೀಟಿ ಕಳಿಸಿದ್ದಾರೆ, ಹೊರಗೆ ಕಷಾಯದ ಪರಿಮಳವೂ ಬರುತ್ತಿದೆ. ಸೌದೆ ಬ್ರ್ಯಾಂಡಿನ ಎರಡು ಬಾಟಲಿ ಬಾಗಿಲ ಹತ್ತಿರದ ಮೇಜಿನ ಮೇಲಿವೆ. ಲೇಬಲ್ ನೋಡಿ ನಗಿ, ಜೇನುತುಪ್ಪ ರುಚಿ ನೋಡಿ.