ಮೈನಸ್ ಅಳಿಸಿದ್ದು ಯಾಕೆ?

ಎಲ್ಲರಿಗೂ ನಮಸ್ಕಾರ. ಈಗ ನಿಮಗೆ ಕಾಣುತ್ತಿರುವುದು ಕಾಲೇಜಿನ ಪಾರ್ಕಿಂಗ್ ಜಾಗ. ಆಗಸ್ಟ್ ಕೊನೆಯ ವಾರ, ಸಂಜೆ ಆರೂ ಕಾಲು. ಕಾರಿನಲ್ಲಿ ಕೂತು ಡಬ್ಬಿಯಿಂದ ಮೊಸರನ್ನ ತಿನ್ನುತ್ತಿರುವವಳು ನಾನೇ. ವಯಸ್ಸು 43. ಒಳಗೆ ಹೋಗಲೋ, ಸುಮ್ನೆ ಮನೆ ಕಡೆ ತಿರುಗಿಸಿಬಿಡಲೋ ಅಂತ ಗೊತ್ತಾಗದೆ ಒಂದೇ ತುತ್ತನ್ನು ಎಷ್ಟು ಹೊತ್ತು ಅಗಿಯುತ್ತಿದ್ದೇನೆ ನೋಡಿ.

ಒಳಗೆ ನನಗಾಗಿ ಕಾದಿದ್ದದ್ದು ಪ್ರಿಕ್ಯಾಲ್ಕುಲಸ್. ಕ್ಯಾಲ್ಕುಲಸ್‌ಗೆ ಕೂರುವ ಮೊದಲು ಬೇಕಾದ ತಯಾರಿ ಅದು. ಫಂಕ್ಷನ್, ಗ್ರಾಫ್, ಲಾಗ್, ಆಮೇಲೆ ಸೈನ್ ಕೊಸೈನ್ ಅನ್ನೋ ಆ ಪರಿವಾರ ಪೂರ್ತಿ.

ನಾನು ತುಮಕೂರಿನಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವಳು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ 41. ಪಾಸಾಗೋಕೆ 35 ಸಾಕಿತ್ತು, ಇವಳು ಆರು ಜಾಸ್ತಿನೇ ತೆಗೆದಿದ್ದಾಳಲ್ಲ ಅಂದರು ನಮ್ಮಪ್ಪ. ಆಮೇಲೆ ಪಿಯುಸಿ ಕಾಮರ್ಸ್, ಬಿಕಾಂ, ಒಂದು ಆಡಿಟರ್ ಆಫೀಸಿನಲ್ಲಿ ನಾಲ್ಕು ವರ್ಷ ಕೆಲಸ, ಮದುವೆ, ಕ್ಯಾಲಿಫೋರ್ನಿಯಾ, ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವ ಎಚ್-4 ವೀಸಾ, ಮನೆ. ಆ ಕಥೆ ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರುವುದೇ, ಬಿಡಿ. ಈಗ ಡೇಟಾ ಕೆಲಸ ಕಲಿಯಬೇಕು ಅಂತ ಆಸೆಯಾಗಿ ಕಾಲೇಜಿನ ಕೌನ್ಸೆಲರ್ ಹತ್ತಿರ ಹೋದರೆ, ಆಕೆ ಪಟ್ಟಿ ತೋರಿಸಿ ಕ್ಯಾಲ್ಕುಲಸ್ ಬೇಕೇ ಬೇಕು ಅಂದರು. ನಾನು ಕೈಚೀಲ ಎತ್ತಿಕೊಂಡೆ. ಕೂತ್ಕೊಳಿ, ಮೊದಲು ಪ್ರಿಕ್ಯಾಲ್ಕುಲಸ್ ತಗೊಳ್ಳಬಹುದು ಅಂದರು.

ದುಡ್ಡಿನ ವಿಷಯ ಕಮೆಂಟ್‌ನಲ್ಲಿ ಕೇಳೇ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ನನ್ನದು ಕಮ್ಯುನಿಟಿ ಕಾಲೇಜು, ಅಂದರೆ ಕಡಿಮೆ ಫೀಸಿನ ಸರ್ಕಾರಿ ಕಾಲೇಜು. ಕ್ಯಾಲಿಫೋರ್ನಿಯಾದಲ್ಲಿ ಇಂಥವು 116 ಇವೆ. ಈ ರಾಜ್ಯದ ನಿವಾಸಿ ಅಂತ ಲೆಕ್ಕಕ್ಕೆ ಬಂದರೆ ಒಂದು ಯೂನಿಟ್‌ಗೆ 46 ಡಾಲರ್. ಯೂನಿಟ್ ಅಂದರೆ ಕೋರ್ಸು ಎಷ್ಟು ದೊಡ್ಡದು ಅನ್ನೋದರ ಲೆಕ್ಕ. ನನ್ನ ಕೋರ್ಸು ಐದು ಯೂನಿಟ್, ಅಂದರೆ 230, ಮೇಲೆ ಚಿಲ್ಲರೆ ಫೀಸು. ನಿವಾಸಿ ಅನ್ನಿಸಿಕೊಳ್ಳೋಕೆ ಒಂದು ವರ್ಷ ಮತ್ತು ಒಂದು ದಿನ ಇಲ್ಲಿದ್ದಿರಬೇಕು. ಇಲ್ಲದಿದ್ದರೆ ಫೀಸು ಹಲವು ಪಟ್ಟು. ನಿಮ್ಮ ವೀಸಾಗೆ ಅದು ಹೇಗೆ ಅನ್ವಯಿಸುತ್ತದೆ ಅಂತ ಅಡ್ಮಿಷನ್ ಕೌಂಟರಿನಲ್ಲೇ ಕೇಳಿ, ವಾಟ್ಸಾಪ್ ಗ್ರೂಪಿನಲ್ಲಿ ಕೇಳಬೇಡಿ. ಪುಸ್ತಕ ಓಪನ್‌ಸ್ಟ್ಯಾಕ್ಸ್‌ನದು, ರೈಸ್ ಯೂನಿವರ್ಸಿಟಿಯವರು ನಡೆಸುವುದು, ಆನ್‌ಲೈನ್‌ನಲ್ಲಿ ಪೂರ್ತಿ ಪುಕ್ಕಟೆ. ಕ್ಯಾಲ್ಕುಲೇಟರ್ ಮಾತ್ರ ಟಿಐ-84, ಗ್ರಾಫ್ ಕೂಡ ಬಿಡಿಸುವಂಥದ್ದು, ಹೊಸದು ನೂರು ಡಾಲರ್ ದಾಟುತ್ತದೆ. ನನ್ನ ಮಗಳ ಹತ್ತಿರ ಒಂದಿತ್ತು. ಹೈಸ್ಕೂಲಿನಲ್ಲಿ ಅವಳೂ ಇದೇ ಪ್ರಿಕ್ಯಾಲ್ಕುಲಸ್ ಓದುತ್ತಿದ್ದಳು. ಸರಿ, ಹಂಚಿಕೊಳ್ಳೋಣ ಅಂದುಕೊಂಡೆ. ಈ ಕ್ಯಾಲ್ಕುಲೇಟರ್ ನೆನಪಿಟ್ಟುಕೊಳ್ಳಿ.

ಮೊದಲ ದಿನ ಪ್ರೊಫೆಸರ್ ತಮ್ಮ ಹೆಸರು ಹಿಡಿದೇ ಕರೆಯಿರಿ ಅಂದರು. ನನ್ನ ಬಾಯಿಗೆ ಬರಲೇ ಇಲ್ಲ. ಕೊನೆಯವರೆಗೂ "ಮ್ಯಾಮ್" ಅಂತಲೇ ಕರೆದೆ. ಪಕ್ಕದ ಬೆಂಚಿನಲ್ಲಿ ಹಗಲೆಲ್ಲ ಏಸಿ ರಿಪೇರಿ ಮಾಡಿ ಯೂನಿಫಾರ್ಮಿನಲ್ಲೇ ಬರುವ ಒಬ್ಬರು, ಹಿಂದೆ ಹದಿನೆಂಟರ ಹುಡುಗರು. ಲೆಕ್ಕದಲ್ಲಿ ಯಾವುದು ಮೊದಲು ಅನ್ನೋದಕ್ಕೆ ನಾವು ಬೋಡ್‌ಮಾಸ್ ಅಂತೀವಲ್ಲ, ಇವರು ಪೆಮ್‌ಡಾಸ್ ಅಂತಾರೆ. ಅದನ್ನು ನೆನಪಿಡೋಕೆ ಯಾವುದೋ ಸ್ಯಾಲಿ ಅತ್ತೆಯನ್ನು ಕ್ಷಮಿಸಿ ಅನ್ನೋ ಅರ್ಥದ ಒಂದು ವಾಕ್ಯ. ಆ ಅತ್ತೆ ಏನು ತಪ್ಪು ಮಾಡಿದ್ದರೋ, ಯಾರಿಗೂ ಗೊತ್ತಿಲ್ಲ. ಒಂದು ಸಲ ಹನ್ನೆರಡೇಳ್ಲ ಎಂಬತ್ನಾಲ್ಕು ಅಂತ ಕ್ಯಾಲ್ಕುಲೇಟರ್ ಮುಟ್ಟದೆ ಹೇಳಿದೆ. ಹಿಂದಿನ ಹುಡುಗ ನನ್ನನ್ನು ದೊಡ್ಡ ಜಾಣೆ ಅಂದುಕೊಂಡ. ಮಗ್ಗಿ ಕಣಪ್ಪಾ, ತಪ್ಪಿದರೆ ಬೆತ್ತದ ಏಟು ಬೀಳುತ್ತಿತ್ತು ಅಂತ ಇಂಗ್ಲಿಷ್‌ನಲ್ಲಿ ಹೇಳೋಕೆ ಹೋಗಿ ಬಿಟ್ಟುಬಿಟ್ಟೆ.

ಸೆಪ್ಟೆಂಬರ್ ಪೂರ್ತಿ ಫಂಕ್ಷನ್. ಹೇಗೋ ಕಳೆಯಿತು. ಅಕ್ಟೋಬರ್‌ನಲ್ಲಿ ಲಾಗ್ ಬಂತು ನೋಡಿ, ಅಲ್ಲಿ ನನಗೆ ಒಂಥರಾ ಸಿಟ್ಟೇ ಬಂತು. ಬಿಕಾಂನಲ್ಲಿ ಚಕ್ರಬಡ್ಡಿಯ ಸೂತ್ರ ನನಗೆ ಬಾಯಿಪಾಠ. ಇಷ್ಟು ಅಸಲು, ಇಷ್ಟು ಬಡ್ಡಿ, ಇಷ್ಟು ವರ್ಷ ಅಂದರೆ ಎಷ್ಟಾಗುತ್ತದೆ ಅಂತ ಕೂಡಲೇ ಹೇಳುತ್ತಿದ್ದೆ. ಆದರೆ ಆಡಿಟರ್ ಆಫೀಸಿಗೆ ಬರುತ್ತಿದ್ದ ಜನ ಕೇಳುತ್ತಿದ್ದದ್ದು ತಿರುಗಾಮುರುಗಾ. ಏಳು ಪರ್ಸೆಂಟಿಗೆ ಇಟ್ಟರೆ ದುಡ್ಡು ದುಪ್ಪಟ್ಟಾಗೋಕೆ ಎಷ್ಟು ವರ್ಷ ಬೇಕಮ್ಮಾ? ನಾನು ಎಂಟು ವರ್ಷ ಹಾಕಿ ನೋಡುವುದು, ಒಂಬತ್ತು ಹಾಕಿ ನೋಡುವುದು, ಹೀಗೆ ತಡಕಾಡುತ್ತಿದ್ದೆ. ವರ್ಷ ಅನ್ನೋದು ಸೂತ್ರದಲ್ಲಿ ಘಾತದ ಜಾಗದಲ್ಲಿ, ಮೇಲೆ ಅಟ್ಟದಲ್ಲಿ ಕೂತಿರುತ್ತದೆ. ಅದನ್ನು ಕೆಳಗಿಳಿಸೋಕೆ ಇರುವ ಏಣಿಯೇ ಲಾಗ್. ಎರಡರ ಲಾಗನ್ನು 1.07ರ ಲಾಗಿನಿಂದ ಭಾಗಿಸಿದರೆ 10.24, ಅಂದರೆ ಹತ್ತು ವರ್ಷದ ಮೇಲೆ ಸುಮಾರು ಮೂರು ತಿಂಗಳು. ಎರಡೇ ಸಾಲು! ಲಾಗ್ ಟೇಬಲ್ ಪುಸ್ತಕ ನೋಡಿದ್ದೆ, ಅದು ಯಾಕಿದೆ ಅಂತ ನಾನೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಆಮೇಲೆ ಮೊದಲನೇ ಮಿಡ್‌ಟರ್ಮ್. ಈಗ ಸ್ಕ್ರೀನ್ ಮೇಲೆ ಹಾಕಿದ್ದೇನೆ, ನನ್ನ ಉತ್ತರ ಪತ್ರಿಕೆ, ನಗಬೇಡಿ. ಆರನೇ ಪ್ರಶ್ನೆ. ಕಟ್ಟಡದಿಂದ 50 ಅಡಿ ದೂರ ನಿಂತಿದ್ದೀರಿ, ತುದಿ ನೋಡೋಕೆ 40 ಡಿಗ್ರಿ ಕತ್ತೆತ್ತಬೇಕು, ಎತ್ತರ ಎಷ್ಟು? 50 ಇಂಟು ಟ್ಯಾನ್ 40. ಚಿತ್ರ ಸರಿ, ಸ್ಟೆಪ್ ಸರಿ. ಕ್ಯಾಲ್ಕುಲೇಟರಿಗೆ ಹಾಕಿದೆ. ಮೈನಸ್ 55.9 ಅಂತು.

ಮೈನಸ್! ಕಟ್ಟಡ ಏನು ಬೋರ್‌ವೆಲ್ಲಾ?

ಇನ್ನೊಂದು ಸಲ ಒತ್ತಿದೆ. ಅದೇ ಬಂತು. ಬರೆದೆ. ನೋಡಿದೆ. ಎತ್ತರ ಮೈನಸ್ ಆಗಲ್ಲ ಅಂತ ಗೊತ್ತು, ಟೈಮ್ ಆಗುತ್ತಿದೆ ಅಂತಲೂ ಗೊತ್ತು, ಆಗ ನನ್ನೊಳಗಿನ ಆ 41 ಮಾರ್ಕಿನ ಹುಡುಗಿ ಎದ್ದು ಬಂದು ರಬ್ಬರ್ ತಗೊಂಡು ಆ ಮೈನಸ್ಸನ್ನು ನೀಟಾಗಿ ಅಳಿಸಿಬಿಟ್ಟಳು. 55.9 ಅಡಿ. ಕೆಳಗೆ ಎರಡು ಗೆರೆ. ಉತ್ತರ ನೋಡೋಕೆ ಲಕ್ಷಣವಾಗಿದ್ದರೆ ಸಾಕು ಅಂತ ನಾವು ಕಲಿತಿದ್ದೇ ಹಾಗಲ್ವಾ.

ಪತ್ರಿಕೆ ವಾಪಸ್ ಬಂದಾಗ ಆ ಅಳಿಸಿದ ಗುರುತಿನ ಸುತ್ತ ಪ್ರೊಫೆಸರ್ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ, "ಇದನ್ನು ಅಳಿಸಿದ್ದು ಯಾಕೆ?" ಅಂತ ಬರೆದಿದ್ದರು. ಅಷ್ಟೇ. ಮನೆಗೆ ಬಂದು ಮಗಳಿಗೆ ತೋರಿಸಿದೆ. ಅವಳು ಪ್ರಶ್ನೆ ಓದಲೂ ಇಲ್ಲ. "ಅಮ್ಮಾ, ಮೋಡ್ ನೋಡಿದ್ಯಾ?" ಅಂದಳು. ಅವಳ ಕ್ಲಾಸಿನಲ್ಲಿ ಆಗಲೇ ರೇಡಿಯನ್ ಶುರುವಾಗಿತ್ತು. ರೇಡಿಯನ್ ಅಂದರೆ ಡಿಗ್ರಿ ಥರಾನೇ ಕೋನ ಅಳೆಯುವ ಇನ್ನೊಂದು ಅಳತೆ. ಕ್ಯಾಲ್ಕುಲೇಟರನ್ನು ಅದರಲ್ಲೇ ಬಿಟ್ಟಿದ್ದಳು, ನನ್ನ 40 ಡಿಗ್ರಿಯನ್ನು ಅದು 40 ರೇಡಿಯನ್ ಅಂದುಕೊಂಡಿತ್ತು. ಸರಿಯಾದ ಉತ್ತರ ಸುಮಾರು 42 ಅಡಿ. ಆ ಮೈನಸ್ ಕೂಗಿ ಕೂಗಿ ಹೇಳುತ್ತಿತ್ತು, ನಾನು ಅದರ ಬಾಯಿ ಮುಚ್ಚಿಸಿದ್ದೆ.

ಹಾಗಾದರೆ ಈ ರೇಡಿಯನ್ ಏನು? 180 ಡಿಗ್ರಿಗೆ ಪೈ ಅಂತ ಬರೆದುಕೊಂಡಿದ್ದೆ, ಬಾಯಿಪಾಠವೂ ಮಾಡಿದ್ದೆ, ಅರ್ಥ ಮಾತ್ರ ಸೊನ್ನೆ. ಆಫೀಸ್ ಅವರ್‌ನಲ್ಲಿ, ಅಂದರೆ ಡೌಟ್ ಕೇಳೋಕೆ ಅಂತ ಇಟ್ಟಿರುವ ಹೊತ್ತಿನಲ್ಲಿ, ಕೇಳಿದಾಗ ಪ್ರೊಫೆಸರ್, ಮನೆಯಲ್ಲಿ ದುಂಡಗಿನದೇನಾದರೂ ಇದ್ದರೆ ದಾರ ತಗೊಂಡು ಅಳೆದು ನೋಡಿ ಅಂದರು. ನಮ್ಮ ಮನೆಯಲ್ಲಿ ಇನ್ನೇನಿರುತ್ತೆ, ಊಟದ ಸ್ಟೀಲ್ ತಟ್ಟೆ. ಇದೇ ಆ ವೀಡಿಯೋ. ತಟ್ಟೆಯ ಅಡ್ಡಗಲ 12 ಇಂಚು. ನಡುವಿನಿಂದ ಅಂಚಿಗೆ ಆರಿಂಚು ದಾರ ಕತ್ತರಿಸಿದೆ. ಅದನ್ನು ಅಂಚಿನ ಗುಂಟ ಬಾಗಿಸಿ ಇಟ್ಟು ಮಾರ್ಕರಿನಲ್ಲಿ ಗೀಟು ಹಾಕಿದೆ. ಆ ಎರಡು ಗೀಟನ್ನು ನಡುವಿನಿಂದ ನೋಡಿದರೆ ಎಷ್ಟು ಕೋನವೋ ಅದೇ ಒಂದು ರೇಡಿಯನ್, ಡಿಗ್ರಿಯಲ್ಲಿ 57.3. ದಾರ ಮತ್ತೆ ಇಟ್ಟೆ, ಮತ್ತೆ ಗೀಟು. ಆರು ದಾರ ಮುಗಿದ ಮೇಲೂ ಸುತ್ತು ಪೂರ್ತಿಯಾಗಲಿಲ್ಲ. ಒಂದೂ ಮುಕ್ಕಾಲು ಇಂಚಿನಷ್ಟು ಸಣ್ಣ ತುಂಡು ಉಳಿಯಿತು. ಆರು ಮತ್ತು ಚೂರು. 6.28. ಎರಡು ಪೈ! ಲೋಟದ ಅಂಚಿಗೂ ಮಾಡಿದೆ, ದೋಸೆ ಹೆಂಚಿಗೂ ಮಾಡಿದೆ. ದಾರ ಬೇರೆ, ಲೆಕ್ಕ ಅದೇ, ಆರು ಮತ್ತು ಚೂರು. ರಾತ್ರಿ ಹನ್ನೊಂದೂವರೆಗೆ ಯಜಮಾನರು ಅಡುಗೆಮನೆಗೆ ನೀರು ಕುಡಿಯೋಕೆ ಬಂದು, ಏನೂ ಕೇಳದೆ ವಾಪಸ್ ಹೋದರು.

ಇನ್ನೊಂದು ವಿಷಯ. ಸೈನ್ ಅನ್ನೋ ಪದ ಹುಟ್ಟಿದ್ದು ನಮ್ಮ ಸಂಸ್ಕೃತದ ಜ್ಯಾ ಅನ್ನೋ ಪದದಿಂದ, ಅಂದರೆ ಬಿಲ್ಲಿನ ಹೆದೆ. 499ರ ಸುಮಾರಿಗೆ ಆರ್ಯಭಟ ಅರ್ಧಜ್ಯಾಗಳ, ಅಂದರೆ ಇವತ್ತಿನ ಸೈನ್‌ನ, ಪಟ್ಟಿ ಕೊಟ್ಟಿದ್ದ. ಜ್ಯಾ, ಜೀವಾ ಅನ್ನೋದು ಅರಬ್ಬಿಗೆ ಹೋಗಿ, ಅಲ್ಲಿ ಬಟ್ಟೆಯ ಮಡಿಕೆ ಅನ್ನೋ ಅರ್ಥದ ಪದ ಅಂತ ತಪ್ಪಾಗಿ ಓದಿಕೊಂಡು, ಲ್ಯಾಟಿನ್‌ನಲ್ಲಿ ಸೈನಸ್ ಆಯಿತಂತೆ. ಕ್ಲಾಸಿನಲ್ಲಿ ಇದನ್ನು ಕೇಳಿ ಆ ರಾತ್ರಿ ಸಿಕ್ಕಾಪಟ್ಟೆ ಹೆಮ್ಮೆ ಪಟ್ಟೆ. ಮರುವಾರ ಅದೇ ಸೈನ್ ಮೇಲೆ ಕ್ವಿಜ್, ಹತ್ತಕ್ಕೆ ನಾಲ್ಕು.

ಒಂದು ಜಗಳದ ಮಾತೂ ಇದೆ. ಇಲ್ಲಿ 2017ರಲ್ಲಿ ಎಬಿ 705 ಅಂತ ಕಾನೂನು ಬಂತು. ಯಾವ ಮಟ್ಟದ ಕೋರ್ಸಿಗೆ ಕೂರಿಸಬೇಕು ಅಂತ ನೋಡುವ ಪ್ಲೇಸ್‌ಮೆಂಟ್ ಟೆಸ್ಟ್ ಇಟ್ಟು ಜನರನ್ನು ವರ್ಷಗಟ್ಟಲೆ ಕೆಳಗಿನ ಗಣಿತದಲ್ಲೇ ಸುತ್ತಿಸಬೇಡಿ ಅಂತ. ಅದು ಒಳ್ಳೆಯದೇ. 2022ರ ಎಬಿ 1705 ಬಂದ ಮೇಲೆ ಇಂಜಿನಿಯರಿಂಗ್, ಸೈನ್ಸ್ ಕಡೆ ಹೋಗುವವರನ್ನು ಆದಷ್ಟೂ ನೇರ ಕ್ಯಾಲ್ಕುಲಸ್‌ಗೇ ಕೂರಿಸಬೇಕು ಅನ್ನೋ ಒತ್ತಡ ಜಾಸ್ತಿಯಾಗಿದೆ. ಪ್ರಿಕ್ಯಾಲ್ಕುಲಸ್ ದಾರಿಯಲ್ಲೇ ತುಂಬಾ ಜನ ಬಿಟ್ಟುಹೋಗುತ್ತಾರೆ ಅನ್ನೋದು ಈ ಕಾನೂನಿನ ಪರ ಇರುವವರ ವಾದ. ಇರಬಹುದು. ಆದರೆ ಇಪ್ಪತ್ತೈದು ವರ್ಷ ಗಣಿತ ಮುಟ್ಟದವಳನ್ನು ನೇರ ಅಲ್ಲಿಗೆ ತಳ್ಳಿದ್ದರೆ ಎರಡನೇ ವಾರಕ್ಕೇ ಡ್ರಾಪ್ ಮಾಡಿ ಈ ಚಾನೆಲ್‌ನಲ್ಲಿ ರೆಸಿಪಿ ಹಾಕಿಕೊಂಡಿರುತ್ತಿದ್ದೆ. ನಿಮ್ಮ ಕಾಲೇಜಿನಲ್ಲಿ ಈ ಕೋರ್ಸ್ ಇನ್ನೂ ಇದ್ದರೆ, ನಿಮಗೆ ಬೇಕು ಅನ್ನಿಸಿದರೆ, ಕೇಳೋಕೆ ನಾಚಿಕೆ ಬೇಡ.

ಡಿಸೆಂಬರ್‌ನಲ್ಲಿ ಫೈನಲ್ ಮುಗಿಯಿತು. ಬಿ ಗ್ರೇಡ್ ಬಂತು. ಜನವರಿಗೆ ಕ್ಯಾಲ್ಕುಲಸ್ ಹಾಕಿದ್ದೇನೆ, ನನ್ನದೇ ಕ್ಯಾಲ್ಕುಲೇಟರ್ ತಗೊಂಡಿದ್ದೇನೆ, ಸೆಕೆಂಡ್ ಹ್ಯಾಂಡ್.

ತಟ್ಟೆ ಮೇಲಿನ ಗೀಟುಗಳು ಇನ್ನೂ ಪೂರ್ತಿ ಹೋಗಿಲ್ಲ, ಎಷ್ಟು ತಿಕ್ಕಿದರೂ ಮಸುಕಾಗಿ ಕಾಣುತ್ತವೆ. ಆ ತಟ್ಟೆ ಈಗ ಮಗಳದಾಗಿದೆ. ಊಟಕ್ಕೆ ಕೂತಾಗ ಅದನ್ನು ತಿರುಗಿಸಿ, ಕೊನೆಯಲ್ಲಿ ಉಳಿದ ಆ ಚೂರು ಜಾಗಕ್ಕೆ ಬೆರಳಿಟ್ಟು, ಉಪ್ಪಿನಕಾಯಿ ಇಲ್ಲಿ ಹಾಕಮ್ಮಾ ಅಂತಾಳೆ.