ಧ್ರುವದ ಮೇಲೆ ಗಿರಕಿ ಹೊಡೆದ ವಿಮಾನ
(ಬೆಳಗಾವಿಯ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಊಟ ಆದಮೇಲಿನ ಉಪನ್ಯಾಸ ಹೇಳುವವನಿಗೂ ಕಷ್ಟ, ಕೇಳುವವರಿಗೂ ಕಷ್ಟ. ನೇರ ವಿಷಯಕ್ಕೆ ಬರುತ್ತೇನೆ. ಲ್ಯಾಬ್‌ನ ಸಿಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರಿನ ನಕಲಿ ವಿಮಾನದಲ್ಲಿ, ನೀವೆಲ್ಲ ಹಾರಿಸುವುದು ನಮ್ಮ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ. ಜಾಸ್ತಿ ಅಂದರೆ ಗೋವಾಕ್ಕೆ. ಒಮ್ಮೆ ಉತ್ತರ ಧ್ರುವಕ್ಕೆ ಹೋಗಿ ಬನ್ನಿ ಅಂತ ಹೇಳಲಿಕ್ಕೇ ಬಂದಿದ್ದೇನೆ.

ನಮ್ಮ ಹುಡುಗನೊಬ್ಬ ಹೋದ. ನಾರ್ವೆಯ ಉತ್ತರದ ದ್ವೀಪಗಳಾದ ಸ್ವಾಲ್ಬಾರ್ಡ್‌ನ ಲಾಂಗ್‌ಇಯರ್‌ಬೈನ್ ಊರಿನಿಂದ ಹೊರಟ. 78 ಡಿಗ್ರಿ ಉತ್ತರ. ಅಲ್ಲಿಂದ ಧ್ರುವಕ್ಕೆ ಸುಮಾರು 1,300 ಕಿಲೋಮೀಟರ್. ಹೆಡಿಂಗನ್ನು, ಅಂದರೆ ವಿಮಾನದ ಮೂತಿ ಇರುವ ದಿಕ್ಕನ್ನು, ಮ್ಯಾಗ್ನೆಟಿಕ್‌ನಿಂದ (ದಿಕ್ಸೂಚಿ ತೋರಿಸುವ ಉತ್ತರ) ಟ್ರೂಗೆ (ಧ್ರುವದ ಕಡೆಗಿನ ನಿಜವಾದ ಉತ್ತರ) ಬದಲಿಸಿದ್ದ, ಜಾಣ. ಆಟೋಪೈಲಟ್‌ಗೆ 360 ಡಿಗ್ರಿ, ಅಂದರೆ ನೇರ ಉತ್ತರ, ಕೊಟ್ಟು, ಸಿಮ್ಯುಲೇಟರ್ ಗಡಿಯಾರದ ವೇಗ ಹೆಚ್ಚಿಸಿ, ಚಹಾ ಕುಡಿಯಲು ಹೋದ. ಚಹಾ ಅಂದರೆ ಗೊತ್ತಲ್ಲ: ಜೊತೆಗೆ ಮಿರ್ಚಿ, ಗಿರ್ಮಿಟ್, ಹರಟೆ. ಬಂದು ನೋಡಿದರೆ ವಿಮಾನ ಧ್ರುವ ದಾಟುತ್ತದೆ, ತಿರುಗುತ್ತದೆ, ಮತ್ತೆ ದಾಟುತ್ತದೆ, ಮತ್ತೆ ತಿರುಗುತ್ತದೆ. "ಸರ್, ವಿಮಾನಕ್ಕ ಹುಚ್ಚು ಹಿಡದದ್ರೀ!" ಅಂತ ಓಡಿ ಬಂದ.

ಹುಚ್ಚಲ್ಲಪ್ಪ, ಹೇಳಿದ ಮಾತು ಕೇಳುತ್ತಿದೆ. ಧ್ರುವ ದಾಟಿದರೆ ಮುಂದೆ ದಕ್ಷಿಣವೇ. ನೇರ ಹೋದರೂ ಹೆಡಿಂಗ್ 180 ಆಗುತ್ತದೆ. ನೀನು 360 ಅಂದಿದ್ದೆ, ಪಾಪ ಅದು ಉತ್ತರ ಹುಡುಕುತ್ತಿದೆ! ರೇಖಾಂಶವೂ 15 ಡಿಗ್ರಿ ಪೂರ್ವದಿಂದ ಒಮ್ಮೆಲೇ 165 ಡಿಗ್ರಿ ಪಶ್ಚಿಮಕ್ಕೆ ಹೋಗಿತ್ತು. ವಿಮಾನ ಎಲ್ಲೂ ಜಿಗಿದಿರಲಿಲ್ಲ. ಇನ್ನೂ ಒಂದೆರಡು ಸಲ ಇದನ್ನೇ ಹೇಳುತ್ತೇನೆ, ಸಹಿಸಿಕೊಳ್ಳಿ: ಭೂಮಿಯಲ್ಲಿ ತೊಂದರೆ ಇಲ್ಲ, ನಾವು ಎಳೆದ ಗೆರೆಯಲ್ಲಿದೆ.

ಕುಂಬಳಕಾಯಿಯ ಗೆರೆಗಳು ತೊಟ್ಟಿನ ಹತ್ತಿರ ಸೇರುತ್ತವಲ್ಲ, ರೇಖಾಂಶಗಳೂ ಹಾಗೇ. ಬೆಳಗಾವಿಯಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 107 ಕಿಲೋಮೀಟರ್. 89 ಡಿಗ್ರಿ ಅಕ್ಷಾಂಶದಲ್ಲಿ ಎರಡು ಕಿಲೋಮೀಟರೂ ಇಲ್ಲ. ಪ್ರೋಗ್ರಾಂ ಬರೆಯುವವರು ಕೇಳಿ: ರೇಖಾಂಶ ಎಷ್ಟು ಬೇಗ ಬದಲಾಗುತ್ತದೆ ಅಂತ ಲೆಕ್ಕ ಹಾಕಲು ಅಕ್ಷಾಂಶದ ಕೊಸೈನ್‌ನಿಂದ ಭಾಗಿಸಬೇಕು. ಧ್ರುವದಲ್ಲಿ ಕೊಸೈನ್ ಸೊನ್ನೆ, ಸೊನ್ನೆಯಿಂದ ಭಾಗಿಸುವುದು ಹೇಗೆ? ಹಾಂ, ಹಿಂದಿನ ಬೆಂಚಿನವರು ನಕ್ಕಿರಿ, ಎಚ್ಚರ ಇದ್ದೀರಿ. ಅದಕ್ಕೇ ಫ್ಲೈಟ್‌ಗೇರ್ ಎಂಬ ಸಿಮ್ಯುಲೇಟರ್‌ನೊಳಗೆ ಹಾರಾಟದ ಲೆಕ್ಕ ಮಾಡುವ ಜೆಎಸ್‌ಬಿಸಿಮ್ ಪ್ರೋಗ್ರಾಂ ಭೂಮಿಯ ಕೇಂದ್ರದಿಂದ ಎಕ್ಸ್, ವೈ, ಝಡ್ ಹಿಡಿದು ಲೆಕ್ಕ ಮಾಡುತ್ತದೆ. ಗೆರೆಯ ಗೊಡವೆಯೇ ಬೇಡ ಅಂತ.

ನಿಜವಾದ ಪೈಲಟ್‌ಗಳಿಗೂ ಇದೇ ಪಾಡು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಎಲ್ಲರೂ ಹೆಣ್ಣುಮಕ್ಕಳೇ, ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವದ ಮೇಲೆ ಹಾರಿ ಬಂದಿಳಿದದ್ದು ನಮ್ಮ ಬೆಂಗಳೂರಿಗೆ. ಆ ಕಡೆ ದಿಕ್ಸೂಚಿಯನ್ನು ನಂಬುವಂತಿಲ್ಲ, ಕಾಂತಕ್ಷೇತ್ರ ಮುಳ್ಳನ್ನು ಹೆಚ್ಚುಕಡಿಮೆ ನೆಟ್ಟಗೆ ಕೆಳಗೆಳೆಯುತ್ತದೆ. ಹಾಗಾಗಿ ಧ್ರುವದ ನಕ್ಷೆಯಲ್ಲಿ ಗ್ರೀನಿಚ್ ರೇಖೆಗೆ (ಸೊನ್ನೆ ಡಿಗ್ರಿ ರೇಖಾಂಶ) ಸಮಾಂತರ ಗೆರೆಗಳ ಗ್ರಿಡ್ ಹಾಕಿ, ಆ ಗೆರೆಗಳ ದಿಕ್ಕನ್ನೇ ಉತ್ತರ ಅಂದುಕೊಳ್ಳುವ ಪದ್ಧತಿ ಇದೆ. ನೋಡಿ, ಮತ್ತೆ ಗೆರೆ!

ಚೀಟಿ ಬಂತು, ಐದು ನಿಮಿಷವಂತೆ. ಜೆಟ್ ಎ-1 ಇಂಧನ ಮೈನಸ್ 47ರಲ್ಲಿ ಹೆಪ್ಪುಗಟ್ಟುವ ಕತೆ, ಅಂಟಾರ್ಕ್ಟಿಕಾ, ಎಲ್ಲ ಬಿಟ್ಟೆ. ಸಿಮ್ಯುಲೇಟರ್‌ನಲ್ಲಿ ಗ್ರೀನ್‌ಲ್ಯಾಂಡ್‌ನ ಬೆಟ್ಟ ಒರಟಾಗಿ ಕಂಡರೆ ಸುಮ್ನೆ ಬೈಯಬೇಡಿ. 2000ದಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರ್‌ನಿಂದ ನೆಲದ ಎತ್ತರ ಅಳೆದದ್ದು 60 ಡಿಗ್ರಿ ಉತ್ತರದವರೆಗೆ ಮಾತ್ರ, ಗ್ರೀನ್‌ಲ್ಯಾಂಡ್ ಬಹುತೇಕ ಅದರಾಚೆ.

ಸಂಜೆ ಲ್ಯಾಬ್ ತೆರೆದಿರುತ್ತದೆ. ಹೆಡಿಂಗ್ ಕೊಡಬೇಡಿ, ಧ್ರುವದ ಆಚೆಗೆ ಒಂದು ವೇಪಾಯಿಂಟ್, ಅಂದರೆ ತಲುಪಬೇಕಾದ ಗುರುತು, ಇಟ್ಟು ನೋಡಿ. ಪ್ರಶ್ನೆ ಇದ್ದವರು ಈಗಲೇ ಕೇಳಿ, ಕರೆಂಟ್ ಹೋದರೆ ಮೈಕ್ ಇರುವುದಿಲ್ಲ.